ಕರೆಂಟಿಲ್ಲದ ಹೊಲದಲ್ಲಿ ಫ್ರಿಜ್ ಓಡಿಸುವುದು ಹೇಗೆ

ಚಳ್ಳಕೆರೆ ಕಡೆ ಮಾರ್ಚ್ ಬಂತು ಅಂದ್ರೆ ಬೆಳಿಗ್ಗೆ ಕಾಸಿಟ್ಟ ಹಾಲು ಸಂಜೆಯವರೆಗೆ ಉಳಿಯುವ ಭರವಸೆ ಇರುವುದಿಲ್ಲ. ಮನೆಯಲ್ಲಾದರೆ ಫ್ರಿಜ್ ಇದೆ. ಹೊಲದಲ್ಲಿ ಮಲಗುವವರಿಗೆ, ನಾಯಕನಹಟ್ಟಿ ಜಾತ್ರೆಗೆ ಟ್ರ್ಯಾಕ್ಟರಲ್ಲಿ ಹೋಗಿ ಬಯಲಲ್ಲೇ ಉಳಿಯುವವರಿಗೆ, ಕಾರಿಗೆ ಟೆಂಟ್ ಹಾಕಿಕೊಂಡು ಊರೂರು ಸುತ್ತುವವರಿಗೆ ಈಗ 12 ವೋಲ್ಟಿನ ಸಣ್ಣ ಪೆಟ್ಟಿಗೆ ಫ್ರಿಜ್‌ಗಳು ಸಿಗುತ್ತಿವೆ. ಕೊಳ್ಳುವುದು ಸುಲಭ. ಬ್ಯಾಟರಿ, ಸೋಲಾರ್ ಮೇಲೆ ರಾತ್ರಿ ಹಗಲು ನಿಲ್ಲದ ಹಾಗೆ ಓಡಿಸೋದು ಕಲಿಯಬೇಕು.

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ವೈರು, ವೋಲ್ಟೇಜ್ ಜೊತೆ ದಿನಾ ಏಗುವ ಕೆಲಸ. ಆದರೆ ಈ ಫ್ರಿಜ್ ವಿಷಯಕ್ಕೆ ಕೈ ಹಾಕಿದ್ದು ಅಪ್ಪನಿಗೋಸ್ಕರ. ಅವರು ಇನ್ಸುಲಿನ್ ತಗೋತಾರೆ. ಶೇಂಗಾ ಕೀಳುವ ಕಾಲ ಬಂದರೆ ಅವರನ್ನು ಊರಲ್ಲಿ ಕೂರಿಸೋಕೆ ಯಾರಿಂದಲೂ ಆಗಲ್ಲ. ನಮ್ಮ ಹೊಲದ ಶೆಡ್ಡಿಗೆ ಕರೆಂಟ್ ಲೈನ್ ಇಲ್ಲ. ಹಾಗಾಗಿ ಈ ಫ್ರಿಜ್ ನಮಗೆ ಶೋಕಿ ವಸ್ತು ಅಲ್ಲವೇ ಅಲ್ಲ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಮ್ಮ ಜಿಲ್ಲೆಯಲ್ಲಿ ಬಿಸಿಲಿಗೆ ಬರ ಇಲ್ಲ, ಇನ್ನೊಂದು ಪ್ಯಾನೆಲ್ ಹಾಕಿದರೆ ಆಯ್ತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಪ್ಯಾನೆಲ್‌ಗೆ ಕರೆಂಟ್ ಕೊಡುವ ಅದೇ ಬಿಸಿಲು ಫ್ರಿಜ್ಜನ್ನೂ ಕಾಯಿಸುತ್ತದೆ, ಬ್ಯಾಟರಿಯನ್ನೂ ಕಾಯಿಸುತ್ತದೆ. ಅದಕ್ಕೇ ಮೊದಲು ಫ್ರಿಜ್ಜಿನ ಖರ್ಚು ತಗ್ಗಿಸಿ. ಪ್ಯಾನೆಲ್ ಲೆಕ್ಕ ಆಮೇಲೆ.

ಫ್ರಿಜ್ ಆರಿಸುವಾಗ ಕಂಪ್ರೆಸರ್ ಇರುವುದನ್ನೇ ತಗೊಳ್ಳಿ. ಕಡಿಮೆ ಬೆಲೆಗೆ ಸಿಗುವ, ಕಾರಿನ ಸಿಗರೇಟ್ ಸಾಕೆಟ್‌ಗೆ ಚುಚ್ಚುವ ಕೂಲರ್ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕಂಪ್ರೆಸರ್ ಇರುವುದಿಲ್ಲ, ಪೆಲ್ಟಿಯರ್ ಅನ್ನುವ ಬಿಲ್ಲೆ ಇರುತ್ತದೆ. ಅದು ಹೊರಗಿನ ಬಿಸಿಗಿಂತ 15ರಿಂದ 20 ಡಿಗ್ರಿ ಮಾತ್ರ ಇಳಿಸಬಲ್ಲದು. ಹೊರಗೆ 40 ಇದ್ದರೆ ಒಳಗೆ 20ರ ಆಸುಪಾಸು. ಹಾಲಿಗೂ ಸಾಲದು, ಔಷಧಿಗಂತೂ ಬೇಡವೇ ಬೇಡ. ಮೇಲಾಗಿ ಅದು ಬಿಡುವಿಲ್ಲದೆ 4-5 ಆಂಪಿಯರ್ ಎಳೆಯುತ್ತಲೇ ಇರುತ್ತದೆ. ಕಂಪ್ರೆಸರ್ ಫ್ರಿಜ್ ತಣ್ಣಗಾದ ಕೂಡಲೇ ನಿಲ್ಲುತ್ತದೆ, ಬೇಕಾದಾಗ ಮತ್ತೆ ಶುರುವಾಗುತ್ತದೆ. ಮೇಲಿನಿಂದ ಮುಚ್ಚಳ ತೆಗೆಯುವ ಪೆಟ್ಟಿಗೆ ಆಕಾರವೇ ಒಳ್ಳೆಯದು. ತಣ್ಣನೆ ಗಾಳಿ ಭಾರ, ಮುಚ್ಚಳ ತೆಗೆದರೂ ತಳದಲ್ಲೇ ಕೂತಿರುತ್ತದೆ. 35-40 ಲೀಟರಿನದು ಒಂದು ಮನೆಯವರಿಗೆ ಧಾರಾಳ.

ಈಗ ಲೆಕ್ಕ. ಇಂಥ ಫ್ರಿಜ್ ಓಡುವಾಗ ಹೆಚ್ಚುಕಡಿಮೆ 45 ವ್ಯಾಟ್ ತಿನ್ನುತ್ತದೆ ಅಂತಿಟ್ಟುಕೊಳ್ಳಿ. ಬೇಸಿಗೆಯಲ್ಲಿ ನೆರಳಲ್ಲಿಟ್ಟರೆ ದಿನದ ಅರ್ಧ ಹೊತ್ತು ಓಡುತ್ತದೆ. 45ನ್ನು 12 ಗಂಟೆಗೆ ಗುಣಿಸಿದರೆ 540 ವ್ಯಾಟ್ ಅವರ್. 12 ವೋಲ್ಟಿನಿಂದ ಭಾಗಿಸಿದರೆ 45 ಆಂಪಿಯರ್ ಅವರ್ (ಎಎಚ್). ಕಾರ್ತಿಕದ ತಂಪಿನಲ್ಲಿ ಇದು ಎಷ್ಟೋ ಇಳಿಯುತ್ತದೆ. ಅದೇ ಫ್ರಿಜ್ಜನ್ನು ಗಾಜು ಏರಿಸಿದ ಕಾರಿನೊಳಗೆ ಬಿಸಿಲಲ್ಲಿ ಬಿಟ್ಟರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಖರ್ಚು ಸುಮಾರು ಎರಡು ಪಟ್ಟು. ನಿಮ್ಮ ಫ್ರಿಜ್ಜಿನ ನಿಜವಾದ ಲೆಕ್ಕ ಬೇಕಾದರೆ ಬ್ಯಾಟರಿಗೂ ಫ್ರಿಜ್ಜಿಗೂ ನಡುವೆ ವ್ಯಾಟ್ ಮೀಟರ್ ಕೂರಿಸಿ, ಮನೆಯಲ್ಲೇ ಒಂದು ಪೂರ್ತಿ ದಿನ ಓಡಿಸಿ ನೋಡಿ. ಅದು ತೋರಿಸುವ ಅಂಕಿ ಮೇಲೆಯೇ ಮುಂದಿನದೆಲ್ಲ ನಿಂತಿದೆ.

ಬ್ಯಾಟರಿ ವಿಷಯಕ್ಕೆ ಬಂದರೆ, ಮನೆ ಇನ್ವರ್ಟರಿನ ಲೆಡ್ ಆಸಿಡ್ ಬ್ಯಾಟರಿಯೂ ನಡೆಯುತ್ತದೆ. ಆದರೆ ಅದರಲ್ಲಿ ಬರೆದಿರುವುದರ ಅರ್ಧ ಮಾತ್ರ ಬಳಸಬೇಕು. ಪದೇ ಪದೇ ಪೂರ್ತಿ ಇಳಿಸಿದರೆ ಬೇಗ ಸಾಯುತ್ತದೆ. 100 ಎಎಚ್ ಬ್ಯಾಟರಿಯಲ್ಲಿ ಕೈಗೆ ಸಿಗುವುದು 50 ಎಎಚ್, ಅಂದರೆ ಬಿಸಿಲಿಲ್ಲದೆ ಒಂದು ದಿನ. ಲಿಥಿಯಂ ಐರನ್ ಫಾಸ್ಫೇಟ್ ಆದರೆ ನೂರರಲ್ಲಿ 80 ಎಎಚ್ ಧೈರ್ಯವಾಗಿ ಬಳಸಬಹುದು, ಹತ್ತಿರ ಹತ್ತಿರ ಎರಡು ದಿನ. ತೂಕವೂ ಹತ್ತು ಹನ್ನೆರಡು ಕೆಜಿ ಅಷ್ಟೇ, ಒಬ್ಬರೇ ಎತ್ತಿ ಇಳಿಸಬಹುದು. ದುಡ್ಡು ಜಾಸ್ತಿ, ನಿಜ. ಬರೀ ಒಂದೆರಡು ದಿನದ ಜಾತ್ರೆಗೆ ಅಂದರೆ ಮನೆ ಬ್ಯಾಟರಿಯೇ ಸಾಕು. ಸುಗ್ಗಿ ಪೂರ್ತಿ ಹೊಲದಲ್ಲಿ ಇರುವವರು ಲಿಥಿಯಂ ಹಾಕಿಸಿಕೊಳ್ಳಿ ಅಂತಲೇ ನಾನು ಹೇಳುವುದು.

ಒಂದು ವ್ಯತ್ಯಾಸ ನೆನಪಿಡಿ. ಲೆಡ್ ಆಸಿಡ್ ಬ್ಯಾಟರಿಗೆ ಮೀಟರ್ ಹಿಡಿದರೆ ಸ್ಥಿತಿ ಗೊತ್ತಾಗುತ್ತದೆ. ಲೋಡ್ ಇಲ್ಲದೆ ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ 12.7 ಇದ್ದರೆ ತುಂಬಿದೆ, 12.2 ಆದರೆ ಅರ್ಧ ಖಾಲಿ. ಲಿಥಿಯಂ ಹಾಗಲ್ಲ. ಬಹಳ ಹೊತ್ತು 13ರ ಮೇಲೇ ನಿಂತಿರುತ್ತದೆ, ಕೊನೆಗೆ ಒಮ್ಮೆಲೇ ಬೀಳುತ್ತದೆ. ಅದಕ್ಕೆ ಒಳಗೆ ಹೋದ ಕರೆಂಟ್, ಹೊರಗೆ ಬಂದ ಕರೆಂಟ್ ಎರಡನ್ನೂ ಎಣಿಸುವ ಶಂಟ್ ಮೀಟರ್ ಬೇಕು.

ಅಂಗಡಿಗೆ ಬರುವ ದೂರುಗಳಲ್ಲಿ ಹೆಚ್ಚಿನವು ಫ್ರಿಜ್ಜಿನವೂ ಅಲ್ಲ, ಬ್ಯಾಟರಿಯವೂ ಅಲ್ಲ, ವೈರಿನವು. ಚಿಕ್ಕಪ್ಪನ ಮಗ ಒಮ್ಮೆ ಪಿಕಪ್ ತಂದು ನಿಲ್ಲಿಸಿದ. "ಅಣ್ಣಾ, ರಾತ್ರಿ ಆದ್ರೆ ಸಾಕು, ಫ್ರಿಜ್ ಕುಯ್ಯೋ ಅಂತ ಬಡ್ಕೊಂಡು ಆಫ್ ಆಗುತ್ತೆ. ಬ್ಯಾಟರಿ ಹೋಗಿದೆ ಕಾಣುತ್ತೆ" ಅಂದ. ಕಂಪ್ರೆಸರ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್‌ಗೆ ಮೀಟರ್ ಹಿಡಿದೆ, 12.3. ಅದೇ ಮೀಟರನ್ನು ಫ್ರಿಜ್ಜಿನ ಪ್ಲಗ್ ಹತ್ತಿರ ಹಿಡಿದೆ, 11.3. ಪೂರ್ತಿ ಒಂದು ವೋಲ್ಟ್ ದಾರಿಯಲ್ಲೇ ಮಾಯ! ಮುಂದಿನಿಂದ ಹಿಂದಿನ ಡಬ್ಬಿಯವರೆಗೆ 5 ಮೀಟರ್ ದೂರ 1 ಸ್ಕ್ವೇರ್ ಎಂಎಂ ವೈರ್ ಎಳೆದಿದ್ದರು. ಕರೆಂಟ್ ಹೋಗಿ ವಾಪಸ್ ಬರಬೇಕಲ್ವಾ, ಅಲ್ಲಿಗೆ 10 ಮೀಟರ್ ವೈರ್ ಲೆಕ್ಕ. 5 ಆಂಪಿಯರ್ ಹರಿದರೆ 0.9 ವೋಲ್ಟ್ ಅದರಲ್ಲೇ ಬೀಳುತ್ತದೆ. ಉಳಿದದ್ದು ಸಡಿಲವಾದ ಸಿಗರೇಟ್ ಸಾಕೆಟ್‌ನಲ್ಲಿ, ಮುಟ್ಟಿದರೆ ಬೆಚ್ಚಗಿತ್ತು. ಆ ವೈರ್ ಕಿತ್ತು 6 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹಾಕಿ, ತುದಿಗೆ ಲಗ್ ಒತ್ತಿ ಕ್ರಿಂಪ್ ಮಾಡಿ, ಸಾಕೆಟ್ ಬದಲು ಬಿಗಿಯಾಗಿ ಕೂರುವ ಆಂಡರ್ಸನ್ ಕನೆಕ್ಟರ್ ಕೂರಿಸಿದೆವು. ಈಗ ಬೀಳುವುದು 0.2 ವೋಲ್ಟ್ ಒಳಗೆ. ಬ್ಯಾಟರಿ ಅದೇ ಹಳೆಯದು, ಚೆನ್ನಾಗೇ ಓಡುತ್ತಿದೆ.

ಬೋರ್‌ವೆಲ್ ಇರುವವರಿಗೆ ಲೋ ವೋಲ್ಟೇಜ್ ಏನು ಮಾಡುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಈ ಫ್ರಿಜ್ಜಿನಲ್ಲೂ ಅದಕ್ಕೆ ಕಾವಲಿದೆ, ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದರೆ ತಾನೇ ಆಫ್ ಆಗುತ್ತದೆ. ಆ ಮಟ್ಟಕ್ಕೆ ಸೆಟ್ಟಿಂಗ್‌ನಲ್ಲಿ ಹೈ, ಮೀಡಿಯಂ, ಲೋ ಅಂತ ಮೂರು ಇರುತ್ತವೆ. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಗೇ ಫ್ರಿಜ್ ಕೊಟ್ಟಿದ್ದರೆ ಹೈ ಇಡಿ, ಆಗ ಗಾಡಿ ಸ್ಟಾರ್ಟ್ ಆಗುವಷ್ಟು ಉಳಿಸಿ ಫ್ರಿಜ್ ತಾನೇ ನಿಲ್ಲುತ್ತದೆ. ಬೇರೆ ಲೆಡ್ ಆಸಿಡ್ ಬ್ಯಾಟರಿ ಇದ್ದರೆ ಮೀಡಿಯಂ. ಲಿಥಿಯಂಗೆ ಲೋ ನಡೆಯುತ್ತದೆ, ಅದನ್ನು ಕಾಯೋಕೆ ಒಳಗೇ ಬಿಎಂಎಸ್ ಅನ್ನುವ ಸರ್ಕ್ಯೂಟ್ ಇದೆ. ಫ್ಯೂಸ್ ಮಾತ್ರ ಮರೆಯಬೇಡಿ. 15 ಆಂಪಿಯರಿನದು ಸಾಕು. ಬ್ಯಾಟರಿಯ ಪ್ಲಸ್ ಟರ್ಮಿನಲ್‌ಗೆ ಗೇಣುದ್ದದೊಳಗೆ ಇರಬೇಕು. ಫ್ರಿಜ್ ಹತ್ತಿರ ಹಾಕಿದರೆ ನಡುವೆ ವೈರ್ ಉಜ್ಜಿ ಶಾರ್ಟ್ ಆದಾಗ ಅದು ಉಪಯೋಗಕ್ಕೆ ಬರಲ್ಲ. 12 ವೋಲ್ಟ್ ತಾನೇ ಅಂತ ಸಸಾರ ಮಾಡಬೇಡಿ. ಶಾಕ್ ಹೊಡೆಯಲ್ಲ, ಆದರೆ ಬೆಂಕಿ ಹತ್ತಿಸುವಷ್ಟು ಕರೆಂಟ್ ಆ ಬ್ಯಾಟರಿಯಲ್ಲಿದೆ.

ಇನ್ವರ್ಟರ್ ಹಾಕಿ 230 ಮಾಡಿ, ಅದಕ್ಕೆ ಫ್ರಿಜ್ಜಿನ ಅಡಾಪ್ಟರ್ ಚುಚ್ಚುವವರೂ ಇದ್ದಾರೆ. ಎರಡು ಸಲ ಸುಮ್ನೆ ನಷ್ಟ. ನೇರವಾಗಿ 12 ವೋಲ್ಟಿಗೇ ಕೊಡಿ.

ಪ್ಯಾನೆಲ್ ಮೇಲೆ 100 ವ್ಯಾಟ್ ಅಂತ ಬರೆದಿದ್ದರೆ ನಮ್ಮ ಬೇಸಿಗೆಯಲ್ಲಿ ಕೈಗೆ ಸಿಗುವುದು 70 ಅಂದುಕೊಳ್ಳಿ. ಬರೆದಿರುವುದು ಸೆಲ್ 25 ಡಿಗ್ರಿ ಇದ್ದಾಗಿನ ಅಂಕಿ. ಮಧ್ಯಾಹ್ನದ ಬಿಸಿಲಲ್ಲಿ ಸೆಲ್ 60 ಡಿಗ್ರಿ ದಾಟುತ್ತದೆ. ಪ್ರತಿ ಡಿಗ್ರಿಗೂ ಶೇಕಡಾ 0.4ರಷ್ಟು ಇಳಿಯುತ್ತಾ ಹೋಗುತ್ತದೆ, ಧೂಳು, ವೈರ್ ನಷ್ಟ ಬೇರೆ. ದಿನಕ್ಕೆ 5 ಗಂಟೆ ಒಳ್ಳೆ ಬಿಸಿಲು ಅಂತ ಹಿಡಿದರೆ 200 ವ್ಯಾಟ್ ಪ್ಯಾನೆಲ್ಲಿಂದ 700 ವ್ಯಾಟ್ ಅವರ್. ನಮಗೆ ಬೇಕಿದ್ದದ್ದು 540. ಉಳಿದದ್ದು ಮೋಡದ ದಿನಕ್ಕೆ. ಬರೀ 100 ವ್ಯಾಟ್ ಹಾಕಿದರೆ ಬ್ಯಾಟರಿ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತಾ ಹೋಗಿ ಒಂದು ರಾತ್ರಿ ಕೈ ಕೊಡುತ್ತದೆ.

ಪ್ಯಾನೆಲ್ ಬಿಸಿಲಲ್ಲಿ, ಫ್ರಿಜ್ ನೆರಳಲ್ಲಿ. ಇದು ಹೇಳೋಕೆ ಸುಲಭ. ಹೊಲದಲ್ಲಿ ಎಲ್ಲರೂ ಬೇವಿನ ಮರದ ಕೆಳಗೆ ಸೇರುತ್ತಾರೆ, ಪ್ಯಾನೆಲ್ಲನ್ನೂ ಮರದ ಅಂಚಿಗೇ ಒರಗಿಸುತ್ತಾರೆ. ಬೇವಿನ ನೆರಳು ತೆಳ್ಳಗಿದೆ, ಏನಾಗುತ್ತೆ ಅನಿಸುತ್ತದೆ. ಒಂದು ರೆಂಬೆಯ ನೆರಳನ್ನು ಪ್ಯಾನೆಲ್ಲಿನ ಮೂಲೆಗೆ ಬೀಳಿಸಿ, ಚಾರ್ಜ್ ಕಂಟ್ರೋಲರ್ (ಪ್ಯಾನೆಲ್ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ತುಂಬಿಸುವ ಪೆಟ್ಟಿಗೆ) ಡಿಸ್‌ಪ್ಲೇ ನೋಡುತ್ತಾ ನಿಂತುಕೊಳ್ಳಿ. ಅಂಗೈಯಗಲ ನೆರಳಿಗೇ ಆಂಪಿಯರ್ ದಬಕ್ಕನೆ ಬೀಳುವುದು ಕಾಣುತ್ತದೆ. ಸೆಲ್‌ಗಳು ಸರಪಣಿಯ ಹಾಗೆ ಒಂದರ ಹಿಂದೆ ಒಂದು ಜೋಡಿಸಿರುವುದರಿಂದ ನೆರಳಲ್ಲಿರುವ ಒಂದು ಸೆಲ್ ಉಳಿದವನ್ನೂ ತಡೆಯುತ್ತದೆ. ಅದಕ್ಕೆ ಪ್ಯಾನೆಲ್ ದೂರ ಬಯಲಿಗೆ ಒಯ್ಯಿರಿ, ಉದ್ದನೆ ವೈರ್ ಎಳೆಯಿರಿ. ಚಾರ್ಜ್ ಕಂಟ್ರೋಲರ್ ಮಾತ್ರ ಬ್ಯಾಟರಿ ಪಕ್ಕದಲ್ಲೇ ಇರಲಿ. 100 ವ್ಯಾಟಿನ ಎರಡು ಪ್ಯಾನೆಲ್‌ಗಳನ್ನು ಸೀರೀಸ್ ಮಾಡಿ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ), ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಬದಲಿಸುವ ಎಂಪಿಪಿಟಿ ಕಂಟ್ರೋಲರ್‌ಗೆ ಕೊಟ್ಟರೆ ವೋಲ್ಟೇಜ್ ಜಾಸ್ತಿ, ಕರೆಂಟ್ ಕಡಿಮೆ. ಹೀಗಾಗಿ ಉದ್ದ ವೈರಿನಲ್ಲೂ ನಷ್ಟ ಕಡಿಮೆ. ಹಾಗೆ ಬದಲಿಸದ ಪಿಡಬ್ಲ್ಯುಎಂ ಕಂಟ್ರೋಲರ್ ಅಗ್ಗ, ಆದರೆ ಅದರ ಜೊತೆ ಪ್ಯಾನೆಲ್‌ಗಳನ್ನು ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಮಾಡಬೇಕು. ಮನೆ ಮಾಳಿಗೆಯ ದೊಡ್ಡ ಪ್ಯಾನೆಲ್ ತಂದು ಪಿಡಬ್ಲ್ಯುಎಂಗೆ ಸಿಕ್ಕಿಸಬೇಡಿ, ಅರ್ಧಕ್ಕಿಂತ ಜಾಸ್ತಿ ಶಕ್ತಿ ದಂಡವಾಗುತ್ತದೆ. ಜೋಡಿಸುವಾಗ ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್.

ಎಷ್ಟು ಓರೆ ಇಡಬೇಕು? ಚಿತ್ರದುರ್ಗ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಆಗ ಪ್ಯಾನೆಲ್ ನೆಲಕ್ಕೆ ಸಮವಾಗಿದ್ದರೂ ಸರಿ, ಕೆಳಗೆ ನಾಲ್ಕು ಇಟ್ಟಿಗೆ ಕೊಟ್ಟು ಗಾಳಿ ಆಡುವ ಹಾಗೆ ಮಾಡಿ. ಡಿಸೆಂಬರಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣಕ್ಕೆ ಮುಖ ಮಾಡಿ 30-35 ಡಿಗ್ರಿ ಎತ್ತಿ. ಆಷಾಢದಲ್ಲಿ ಓರೆಗಿಂತ ಕಟ್ಟುವುದು ಮುಖ್ಯ. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಆ ಗಾಳಿಗೆ ಮಡಚುವ ಪ್ಯಾನೆಲ್ ಹಾರಿ ಪಕ್ಕದ ಹೊಲ ಸೇರುತ್ತದೆ. ನಾಲ್ಕೂ ಮೂಲೆಗೆ ಹಗ್ಗ ಕಟ್ಟಿ ಗೂಟ ಹೊಡೆಯಿರಿ. ಬೆಳಿಗ್ಗೆ ಬೆಳಿಗ್ಗೆ, ಪ್ಯಾನೆಲ್ ತಣ್ಣಗಿದ್ದಾಗ, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ.

ಇನ್ನು ಖರ್ಚು ತಗ್ಗಿಸುವ ಕಡೆ. ಹೊರಡುವ ಹಿಂದಿನ ರಾತ್ರಿಯೇ ಮನೆ ಕರೆಂಟಲ್ಲಿ ಫ್ರಿಜ್ ತಣ್ಣಗೆ ಮಾಡಿ, ಒಳಗೆ ಇಡುವುದನ್ನೂ ಮೊದಲೇ ತಣ್ಣಗೆ ಮಾಡಿ ಇಡಿ. ಬಿಸಿ ಸಾಂಬಾರ್ ಪಾತ್ರೆಯನ್ನು ಹಾಗೇ ಒಳಗಿಟ್ಟರೆ ಬ್ಯಾಟರಿಗೆ ದೊಡ್ಡ ಪೆಟ್ಟು. ಖಾಲಿ ಜಾಗ ಇದ್ದರೆ ನೀರಿನ ಬಾಟಲಿ ತುಂಬಿ. ಫ್ರಿಜ್ಜಿನ ಗಾಳಿ ಕಿಂಡಿಗೂ ಗೋಡೆಗೂ ನಡುವೆ ಗೇಣಷ್ಟು ಜಾಗ ಬಿಡಿ. ಮುಚ್ಚಳದ ಮೇಲೆ ದಪ್ಪ ಕಂಬಳಿ ಹೊದಿಸಬಹುದು, ಕಿಂಡಿ ಮಾತ್ರ ಮುಚ್ಚಬಾರದು. ನಮ್ಮ ಅಮ್ಮ ಹಾಲು, ಮೊಸರು, ಸೊಪ್ಪು ಎಲ್ಲಕ್ಕೂ ಒಂದೊಂದು ಜಾಗ ಗೊತ್ತು ಮಾಡಿದ್ದಾರೆ. ಮುಚ್ಚಳ ತೆರೆದು ಹುಡುಕುತ್ತಾ ನಿಲ್ಲುವ ಕೆಲಸವೇ ಇಲ್ಲ.

ಹಾಲು, ತರಕಾರಿ ಮಾತ್ರ ಇದ್ದರೆ ಇನ್ನೊಂದು ಉಪಾಯ ಇದೆ. ಮಧ್ಯಾಹ್ನ ಬ್ಯಾಟರಿ ತುಂಬಿದ ಮೇಲೂ ಬಿಸಿಲು ಮಿಕ್ಕಿರುತ್ತದೆ. ಆಗ ಸೆಟ್ಟಿಂಗ್ 2 ಡಿಗ್ರಿಗೆ ಇಳಿಸಿ. ಸಂಜೆ ಮತ್ತೆ 6 ಡಿಗ್ರಿಗೆ ಏರಿಸಿ. ಹಗಲು ತಣ್ಣಗಾದ ನೀರಿನ ಬಾಟಲಿಗಳು ರಾತ್ರಿ ಬಹಳ ಹೊತ್ತು ಕಂಪ್ರೆಸರ್ ಏಳದ ಹಾಗೆ ನೋಡಿಕೊಳ್ಳುತ್ತವೆ.

ಇನ್ಸುಲಿನ್ ಇದ್ದರೆ ಈ ಆಟ ಬೇಡ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗೇ ಇರಬೇಕು. ಬಿಸಿ ಎಷ್ಟು ಕೆಟ್ಟದ್ದೋ ಹೆಪ್ಪುಗಟ್ಟುವುದೂ ಅಷ್ಟೇ ಕೆಟ್ಟದ್ದು. ಒಮ್ಮೆ ಗಟ್ಟಿಯಾದರೆ ಆಮೇಲೆ ಕರಗಿ ನೋಡೋಕೆ ಸರಿ ಕಂಡರೂ ಬಿಸಾಡಬೇಕು. ಈ ಫ್ರಿಜ್‌ಗಳಲ್ಲಿ ತಣ್ಣಗಾಗುವುದು ಗೋಡೆ, ಗೋಡೆಗೆ ತಾಗಿದ ವಸ್ತು ಬೇಗ ಗಡ್ಡೆ ಕಟ್ಟುತ್ತದೆ. ನಾವು 5 ಡಿಗ್ರಿಗೆ ಸೆಟ್ ಮಾಡಿ, ಅಪ್ಪನ ಔಷಧಿಯನ್ನು ಸ್ಟೀಲ್ ಬದಲು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ನಡುಮಧ್ಯೆ ಇಡುತ್ತೇವೆ. ಫ್ರಿಜ್ಜಿನ ಡಿಸ್‌ಪ್ಲೇ ತೋರಿಸುವುದು ಅದರ ಸೆನ್ಸರ್ ಇರುವ ಜಾಗದ ಬಿಸಿ. ಅದಕ್ಕೆ ವೈರ್ ಇರುವ ಬೇರೆ ಥರ್ಮಾಮೀಟರ್ ತಂದು ಅದರ ತುದಿಯನ್ನು ಔಷಧಿ ಡಬ್ಬಿಯೊಳಗೇ ಬಿಟ್ಟಿದ್ದೇವೆ. ಮಲಗುವ ಮುಂಚೆ ಅದನ್ನು ನೋಡುವುದು ಅಪ್ಪನದೇ ಕೆಲಸ. ಬಳಕೆಯಲ್ಲಿರುವ ಇನ್ಸುಲಿನ್ ಎಷ್ಟು ದಿನ ಹೊರಗಿರಬಹುದು ಅನ್ನುವುದನ್ನು ಅದರ ಪೆಟ್ಟಿಗೆಯೊಳಗಿನ ಚೀಟಿ ನೋಡಿ, ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿ.

ಮೂರು ನಾಲ್ಕು ದಿನ ಮೋಡ ಹಿಡಿದರೆ ಗಾಡಿಯೇ ಗತಿ. ಗಾಡಿಯ ಆಲ್ಟರ್ನೇಟರಿನಿಂದ ಫ್ರಿಜ್ ಬ್ಯಾಟರಿ ತುಂಬಿಸಲು ನಡುವೆ ಡಿಸಿ ಟು ಡಿಸಿ ಚಾರ್ಜರ್ (ಗಾಡಿಯ ಕರೆಂಟನ್ನು ಈ ಬ್ಯಾಟರಿಗೆ ತಕ್ಕ ವೋಲ್ಟೇಜ್ ಮಾಡಿ ಕೊಡುವ ಪೆಟ್ಟಿಗೆ) ಹಾಕಿ. 20 ಆಂಪಿಯರಿನದಾದರೆ ಹೊಲದಿಂದ ಊರಿಗೆ ಹೋಗಿ ಬರುವ ಎರಡು ಗಂಟೆಯಲ್ಲಿ 40 ಎಎಚ್ ಒಳಗೆ ಬಂದಿರುತ್ತದೆ, ಹತ್ತಿರ ಹತ್ತಿರ ಒಂದು ದಿನದ ಖರ್ಚು.

ಸುಗ್ಗಿ ಮುಗಿಸಿ ಮನೆಗೆ ತಂದ ಮೇಲೆ ಫ್ರಿಜ್ ಒಳಗೆಲ್ಲ ಒಣ ಬಟ್ಟೆಯಲ್ಲಿ ಒರೆಸಿ, ಮುಚ್ಚಳದ ಸಂದಿಗೆ ಒಂದು ಕಡ್ಡಿ ಸಿಕ್ಕಿಸಿ ಸ್ವಲ್ಪ ತೆರೆದೇ ಇಡಿ, ಇಲ್ಲದಿದ್ದರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಲಿಥಿಯಂ ಬ್ಯಾಟರಿಯನ್ನು ಅರ್ಧ ಚಾರ್ಜಲ್ಲಿ ತಂಪಾದ ಜಾಗದಲ್ಲಿ ಇಡಿ. ಲೆಡ್ ಆಸಿಡ್ ಆದರೆ ಪೂರ್ತಿ ತುಂಬಿಸಿಯೇ ಇಡಬೇಕು, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಬೇಕು.