ಲಾಕ್‌ಡೌನ್ ದಿನಗಳ ಡೈರಿ ಬರೆಯುವ ಕ್ರಮ

ಮನೆಯೊಳಗೇ ಕಳೆದ ದಿನಗಳು ನೆನಪಿನಲ್ಲಿ ಬಹುಬೇಗ ಒಂದರೊಳಗೊಂದು ಕಲಸಿಹೋಗುತ್ತವೆ. ಹೋಗಿ ಬಂದ ಜಾಗ, ಭೇಟಿಯಾದ ಮುಖ ಇವೇ ದಿನಗಳಿಗೆ ಗುರುತು. ಅವಿಲ್ಲದಿದ್ದರೆ ಮಂಗಳವಾರಕ್ಕೂ ಶುಕ್ರವಾರಕ್ಕೂ ವ್ಯತ್ಯಾಸ ತಿಳಿಯದು. ಎಲ್ಲ ಮುಗಿದ ಮೇಲೆ ನಿಧಾನವಾಗಿ ಬರೆದರಾಯಿತು ಎಂದುಕೊಂಡರೆ ಕೈಗೆ ಸಿಗುವುದು ‘ಮನೆಯಲ್ಲೇ ಇದ್ದೆವು, ಬೇಜಾರಾಗಿತ್ತು’ ಎಂಬಷ್ಟೇ. ಅಂದಿನದನ್ನು ಅಂದೇ ಬರೆಯಬೇಕು.

ಹೊಲಿಗೆ ಹಾಕಿದ 200 ಪುಟದ ನೋಟ್‌ಬುಕ್ ಸಾಕು. ದಿನಾಂಕ ಮುದ್ರಿಸಿದ ಡೈರಿ ಬೇಡ, ತಪ್ಪಿದ ದಿನಗಳ ಖಾಲಿ ಹಾಳೆ ನೋಡಿ ಬರೆಯುವ ಮನಸ್ಸೇ ಹೋಗುತ್ತದೆ. ಬಾಲ್‌ಪೆನ್ ಅಥವಾ ಪೆನ್ಸಿಲ್ ಬಳಸಿ. ಫೌಂಟನ್ ಪೆನ್ನಿನ ಸಾಮಾನ್ಯ ಶಾಯಿ ನೀರು ತಾಗಿದರೆ ಹರಡುತ್ತದೆ. ಎಡಪುಟದಲ್ಲಿ ಮಾತ್ರ ಬರೆದು ಬಲಪುಟ ಖಾಲಿ ಬಿಡಿ. ಅದು ಆಮೇಲೆ ಬೇಕಾಗುತ್ತದೆ. ರಾತ್ರಿ ಊಟವಾದ ಕೂಡಲೇ 15 ನಿಮಿಷ ಕೂತು ಬರೆಯಿರಿ, ಹಾಸಿಗೆಗೆ ಹೋದ ಮೇಲೆ ಬರೆಯುವುದು ನಾಳೆಗೆ ಬೀಳುತ್ತದೆ.

ಮೊದಲ ಸಾಲಿನಲ್ಲಿ ವರ್ಷ ಸಮೇತ ದಿನಾಂಕ, ವಾರ, ಮನೆಯಲ್ಲಿ ಇದ್ದವರು, ಅಂದು ಜಾರಿಯಲ್ಲಿದ್ದ ನಿಯಮ. ವರ್ಷ ಬಿಡಬಾರದು. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ಡನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದದ್ದು 2020ರ ಮಾರ್ಚ್ 11ರಂದು. ತುರ್ತುಸ್ಥಿತಿ ಮುಗಿಯಿತೆಂದು ಸಾರಿದ್ದು 2023ರ ಮೇ 5ರಂದು. ನಡುವೆ ಎಷ್ಟೋ ಕಡೆ ಲಾಕ್‌ಡೌನ್ ಮತ್ತೆ ಮತ್ತೆ ಬಂದು ಹೋಯಿತು. ಬರೀ ‘ಏಪ್ರಿಲ್ 20’ ಎಂದು ಬರೆದಿಟ್ಟ ಪುಟ ಯಾವ ವರ್ಷದ್ದೆಂದು ಈಗ ಬರೆದವರಿಗೇ ಹೇಳಲಾಗದು.

ಇನ್ನು ಏನು ಬರೆಯಬೇಕು ಎಂಬುದು. ಡೈರಿಗಳು ಸೊರಗುವುದೇ ಇಲ್ಲಿ. ‘ಆನ್‌ಲೈನ್ ಕ್ಲಾಸು, ಗಲಾಟೆ, ಸುಸ್ತು’ ಎಂದರೆ ಏನೂ ಉಳಿಯಲಿಲ್ಲ. ಇದನ್ನೇ ಹೀಗೆ ಬರೆಯಬಹುದು: ‘ಬೆಳಿಗ್ಗೆ 10ಕ್ಕೆ ಮಗಳ ಕ್ಲಾಸು, ಅದೇ ಹೊತ್ತಿಗೆ ನನ್ನ ಮೀಟಿಂಗು. ಇರುವುದು ಒಂದೇ ಲ್ಯಾಪ್‌ಟಾಪ್. ಅವಳು ಫೋನಿನಲ್ಲೇ ಪಾಠ ಕೇಳಿದಳು. ಬೋರ್ಡಿನ ಅಕ್ಷರ ಕಾಣದೆ ಫೋನನ್ನು ಮೂಗಿನ ಹತ್ತಿರ ಹಿಡಿದಿದ್ದಳು. ಅಜ್ಜ ಟಿವಿಯ ಸದ್ದು ಪೂರ್ತಿ ಇಳಿಸಿ ಬರೀ ಚಿತ್ರ ನೋಡುತ್ತಾ ಕೂತಿದ್ದರು.’ ಯಾರು, ಎಲ್ಲಿ, ಯಾವ ವಸ್ತು, ಎಷ್ಟು ಹೊತ್ತಿಗೆ ಎಂಬುದು ಬಂದರೆ ಸುಸ್ತು ತಾನಾಗಿ ಕಾಣುತ್ತದೆ. ‘ಪಾತ್ರೆ ತೊಳೆದಾಯಿತು’ ಎನ್ನಬೇಡಿ, ತೊಳೆದವರ ಹೆಸರು ಬರೆಯಿರಿ. ಇದನ್ನೇನು ಬರೆಯುವುದು ಅನ್ನಿಸುವಷ್ಟು ಮಾಮೂಲಾದ ಸಂಗತಿಯೇ ಮೊದಲು ಮರೆಯುವುದು: ಮಾಸ್ಕ್ ನೇತುಹಾಕಿದ ಮೊಳೆ, ಹೊರಗಿಂದ ಬಂದ ಪೊಟ್ಟಣ ಒರೆಸಿದ್ದು, ಬೀದಿಯಲ್ಲಿ ಕೇಳದೇ ಹೋದ ಸದ್ದು. ಸೋಂಕಿನ ಅಂಕಿಅಂಶ ನಕಲು ಮಾಡಬೇಕಿಲ್ಲ, ಅದು ಪತ್ರಿಕೆಯಲ್ಲಿ ಸಿಗುತ್ತದೆ. ಆ ಸುದ್ದಿ ಕೇಳಿ ಮನೆಯಲ್ಲಿ ಎದ್ದ ಮಾತು ಬೇರೆಲ್ಲೂ ಸಿಗದು.

ಯಾರಿಗಾದರೂ ಜ್ವರ ಬಂದ ದಿನ ಮನಸ್ಸು ಅಲ್ಲೇ ಸುತ್ತುತ್ತದೆ, ಬರೆದಷ್ಟೂ ಆತಂಕ ಹೆಚ್ಚುತ್ತದೆ. ಅಂದು ಮೂರೇ ಸಾಲು ಸಾಕು: ಜ್ವರ ಎಷ್ಟು, ಆಕ್ಸಿಜನ್ ಎಷ್ಟು, ಮಾತ್ರೆ ಕೊಟ್ಟ ಹೊತ್ತು. ವೈದ್ಯರು ಕೇಳುವುದೂ ಅದನ್ನೇ.

ದಿನ ತಪ್ಪಿದರೆ ಊಹಿಸಿ ತುಂಬಬೇಡಿ. ‘ಮೂರು ದಿನ ಬರೆಯಲಿಲ್ಲ’ ಎಂದು ಕಾರಣ ಸಮೇತ ಒಂದು ಸಾಲು ಹಾಕಿ ಮುಂದೆ ಹೋಗಿ. ದಿನಾ ಆಗದವರು ವಾರಕ್ಕೊಂದು ದಿನ ಆರಿಸಿ, ಎದ್ದಾಗಿನಿಂದ ಮಲಗುವವರೆಗೂ ಬಿಡದೆ ಬರೆಯಬಹುದು. ಬ್ರಿಟನ್ನಿನ ಮಾಸ್ ಅಬ್ಸರ್ವೇಷನ್ ಯೋಜನೆ 1937ರ ಮೇ 12ರಂದು ಜನಸಾಮಾನ್ಯರಿಂದ ಹೀಗೇ ಬರೆಸಿತ್ತು, 2020ರ ಮೇ 12ಕ್ಕೂ ಅಂಥದೇ ಕರೆ ಕೊಟ್ಟಿತು.

ವಾರಕ್ಕೊಮ್ಮೆ ಏಳೂ ದಿನದ್ದನ್ನು ಓದಿ, ಹೊಳೆದದ್ದನ್ನು ಖಾಲಿ ಬಲಪುಟದಲ್ಲಿ ಅಂದಿನ ದಿನಾಂಕ ಹಾಕಿ ಬರೆಯಿರಿ. ಹಳೆಯದನ್ನು ತಿದ್ದಬೇಡಿ, ‘ಇನ್ನೆರಡು ವಾರ ಅಷ್ಟೇ’ ಎಂದು ನಂಬಿದ್ದೂ ದಾಖಲೆಯೇ. ಯಾರ ಕೆಲಸ ಹೆಚ್ಚಿದೆ, ಮನೆಯಲ್ಲೇ ಇರುವ ಯಾರ ಹೆಸರು ವಾರವಿಡೀ ಬಂದಿಲ್ಲ, ನೋಡಿ. ಬರದವರ ಹತ್ತಿರ ಮರುದಿನ ಕೂತು ಮಾತಾಡಿಸಿ.

ಡೈರಿಯ ಜೊತೆ ಎತ್ತಿಡುವ ರಸೀದಿಗಳ ಥರ್ಮಲ್ ಕಾಗದದ (ಶಾಖದಿಂದ ಅಕ್ಷರ ಮೂಡುವ ಕಾಗದ) ಅಕ್ಷರ ಮಾಸಿಹೋಗುತ್ತದೆ, ಬೇಗ ಫೋಟೊ ತೆಗೆದಿಡಿ. ಸೆಲ್ಲೋಟೇಪ್ ಹಳದಿಯಾಗಿ ಅಂಟು ಬಿಡುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ; ಬಿಡಿ ಕಾಗದಗಳನ್ನು ಲಕೋಟೆಯಲ್ಲಿ ಹಾಕಿಡಿ. ಫೋಟೊ ಫೈಲಿಗೆ 2020-04-18 ಎಂಬಂತೆ ಹೆಸರಿಟ್ಟರೆ ತಾವಾಗಿ ದಿನದ ಕ್ರಮದಲ್ಲಿ ನಿಲ್ಲುತ್ತವೆ. ಫೋನಲ್ಲದೆ ಇನ್ನೊಂದು ಕಡೆಯೂ ಪ್ರತಿ ಇರಲಿ.