ಮೊದಲ ಮಾತು ಏನಾಗಿರುತ್ತೆ?

ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನಲ್ಲಿ ನಾನು ಆಪ್ತಸಮಾಲೋಚಕಿ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗೆಂದು ಇಟ್ಟ ಕೋಣೆ ಇದು. ಮೊದಮೊದಲು ಲೈಂಗಿಕತೆಯ ಬಗ್ಗೆ ಮಕ್ಕಳಿಗೆ ಮಾತ್ರ ಪಾಠ ಹೇಳುತ್ತಿದ್ದೆ. ಚಾರ್ಟ್ ತೂಗುಹಾಕಿ, ವಿವರಿಸಿ, ಮುಗೀತು ಅಂದುಕೊಳ್ಳುತ್ತಿದ್ದೆ. ಅಪ್ಪ ಅಮ್ಮಂದಿರನ್ನೂ ಕರೆಯಬೇಕು ಅನ್ನಿಸಿದ್ದು ಒಬ್ಬ ಹುಡುಗಿ ಬಂದು ಹೋದ ಮೇಲೆ.

19 ವರ್ಷ, ಡಿಗ್ರಿ ಓದುತ್ತಿದ್ದಳು. ತುರ್ತು ಗರ್ಭನಿರೋಧಕ ಮಾತ್ರೆ ಬೇಕಿತ್ತು. ಅದನ್ನು ಲೈಂಗಿಕ ಸಂಪರ್ಕವಾದ 72 ಗಂಟೆಯೊಳಗೆ, ಆದಷ್ಟು ಬೇಗ ನುಂಗಬೇಕು. ಅವಳು ಬಂದದ್ದು ಆರನೇ ದಿನ. "ಮೊದಲೇ ಗೊತ್ತಿರಲಿಲ್ವಾ?" ಅಂದೆ. "ಗೊತ್ತಿತ್ತು ಮೇಡಂ. ಮೆಡಿಕಲ್ ಶಾಪ್‌ನವರು ಅಪ್ಪನಿಗೆ ಪರಿಚಯ. ಅಕ್ಕನಿಗೆ ಹೇಳೋಣ ಅಂದ್ಕೊಂಡೆ. ಅವಳು ಅಮ್ಮನಿಗೆ ಹೇಳಿಬಿಟ್ರೆ ಕಾಲೇಜು ಬಿಡಿಸಿ ಮದುವೆ ಮಾಡ್ತಾರೆ." ನನ್ನ ಚಾರ್ಟ್ ಅವಳಿಗೆ ಬಾಯಿಪಾಠವಾಗಿತ್ತು. ಐದು ದಿನ ಹೋದದ್ದು ಯಾರಿಗೆ ಹೇಳಲಿ ಅನ್ನೋದರಲ್ಲೇ. ಡಾಕ್ಟರ್ ಹತ್ತಿರ ಕಳಿಸಿದೆ. ಪುಣ್ಯಕ್ಕೆ ಆ ತಿಂಗಳು ಮುಟ್ಟು ಬಂತು.

ಆಮೇಲೆ ಆಶಾ ಕಾರ್ಯಕರ್ತೆಯರ ಜೊತೆ ಸೇರಿ ಅಂಗನವಾಡಿಯಲ್ಲಿ ಅಮ್ಮಂದಿರನ್ನು ಕೂರಿಸತೊಡಗಿದೆ. ಲೈಂಗಿಕತೆ ಅಂತ ಶುರು ಮಾಡಿದರೆ ಅರ್ಧ ಜನ ಎದ್ದು ಹೋಗುತ್ತಾರೆ. ಹಾಗಾಗಿ, "ಮಗಳು ಮೈನೆರೆದಾಗ ಏನು ಮಾಡಿದ್ರಿ?" ಅಂತ ಕೇಳುತ್ತೇನೆ. ಎಲ್ಲರಿಗೂ ಮಾತೇ ಮಾತು. ಆರತಿ ಎತ್ತಿದ್ದು, ಚಿಗಳಿ ಮಾಡಿದ್ದು, ಸೋದರಮಾವ ಸೀರೆ ತಂದದ್ದು. ಇಡೀ ಬೀದಿಗೆ ಗೊತ್ತು. "ಸರಿ, ಅವಳಿಗೆ ಏನು ಹೇಳಿದ್ರಿ?" ಗಪ್‌ಚುಪ್. ಕೊನೆಗೆ ಒಬ್ಬರು, "ಗಂಡುಹುಡುಗರ ಹತ್ರ ಮಾತಾಡಬೇಡ ಅಂದೆ ಕಣ್ರೀ" ಅಂದರು.

ನಂತರ ಒಂದೇ ಅಭ್ಯಾಸ. ಮಗಳು ಬಂದು "ಅಮ್ಮ, ಒಂದು ತಪ್ಪಾಗಿದೆ" ಅಂದರೆ ನಿಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? ಜೋರಾಗಿ ಹೇಳಿಸುತ್ತೇನೆ. "ಎರಡು ಬಾರಿಸಿ ಆಮೇಲೆ ಕೂತ್ಕೋ ಅಂತೀನಿ" ಅಂದ ಅಜ್ಜಿಗೆ ಎಲ್ಲರೂ ನಕ್ಕರು. ನಗಲಿ, ನಿಜ ಹೇಳಿದ್ದು ಅವರೊಬ್ಬರೇ. "ಕೂತ್ಕೋ, ಊಟ ಆಯ್ತಾ?" ಅನ್ನುವುದನ್ನು ಆರೇಳು ಸಲ ಹೇಳಿದ ಮೇಲೆ ನಾಲಿಗೆ ಹೊರಳುತ್ತದೆ. ಬೈಯಬೇಡಿ ಅಂತ ನಾನು ಹೇಳುವುದಿಲ್ಲ. ಎರಡನೇ ಮಾತಿಗೆ ಬೈಯಿರಿ.

18 ತುಂಬದವರಿಗೆ ಗುಟ್ಟು ಕಾಯುತ್ತೇನೆ ಅಂತ ನಾನು ಮಾತು ಕೊಡುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಲೈಂಗಿಕ ಸಂಬಂಧಕ್ಕೆ ಅವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ವಿಷಯ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ಅವರು ಬಾಯಿ ಬಿಡುವ ಮೊದಲೇ ಇದನ್ನು ಹೇಳುತ್ತೇನೆ. ಕೆಲವರು ಅಲ್ಲಿಗೇ ಎದ್ದು ಹೋಗುತ್ತಾರೆ. ಬೇಜಾರಾಗುತ್ತದೆ. ಅಂಥವರಿಗೆ, ವಿಷಯ ಅಷ್ಟು ದೂರ ಹೋಗುವ ಮುಂಚೆ, ಮನೆಯಲ್ಲೇ ಒಬ್ಬರು ಇರಬೇಕಿತ್ತು ಅನ್ನಿಸುತ್ತದೆ.

ಅಪ್ಪಂದಿರು ಬರುವುದು ಕಮ್ಮಿ. ಒಮ್ಮೆ ಮೂವರು ಬಂದು ಬಾಗಿಲ ಹತ್ತಿರವೇ ಕೂತಿದ್ದರು. ಅವರಲ್ಲೊಬ್ಬರು ಸಭೆ ಮುಗಿದ ಮೇಲೆ ಉಳಿದರು. ಮಗ ಫೋನಿನಲ್ಲಿ ಏನೋ ನೋಡುತ್ತಿದ್ದನಂತೆ. ಇವರು ಕಸಿದುಕೊಂಡರಂತೆ. ಅವತ್ತಿಂದ ಮನೆಯಲ್ಲಿ ಮಾತಿಲ್ಲ. ಕರೆದು ಕೂರಿಸಿಕೊಂಡು ಮಾತಾಡಿ ಅಂದೆ. ಅವರು ತಲೆ ಆಡಿಸಿದರು. "ಆಗಲ್ಲ ಮೇಡಂ, ಮುಖ ನೋಡ್ಕೊಂಡು ಇಬ್ರಿಗೂ ಆಗಲ್ಲ. ತೋಟಕ್ಕೆ ಬೈಕಲ್ಲಿ ಕರ್ಕೊಂಡು ಹೋಗ್ತೀನಿ. ಹಿಂದೆ ಕೂತಿರ್ತಾನಲ್ಲ, ಮುಖ ಕಾಣಲ್ಲ."

ಈಗ ಬೇರೆ ಅಪ್ಪಂದಿರಿಗೂ ಇದನ್ನೇ ಹೇಳುತ್ತೇನೆ. ಬೈಕ್ ನಿಧಾನಕ್ಕೆ ಓಡಿಸಿ ಅಂತ ಸೇರಿಸುತ್ತೇನೆ, ಅಷ್ಟೇ.