ಒಂದೇ ಕೋಶದಲ್ಲಿ ಎರಡು ವೈರಸ್: ಪರೀಕ್ಷಿಸುವುದು ಹೇಗೆ?

ದನಗಳಿಗೆ ತಗಲುವ ಬಿವಿಡಿ (ಭೇದಿ ರೋಗ) ವೈರಸ್ ಮತ್ತು ಐಬಿಆರ್ (ಮೂಗು-ಶ್ವಾಸನಾಳದ ಉರಿಯೂತ) ತರುವ ಹರ್ಪಿಸ್ ವೈರಸ್ ಒಂದೇ ಕೋಶ ಹೊಕ್ಕರೆ ಒಂದಕ್ಕೊಂದು ನೆರವಾಗುತ್ತವೆಯೋ, ಅಡ್ಡಗಾಲು ಹಾಕುತ್ತವೆಯೋ? ದನದ ಮೂತ್ರಪಿಂಡದಿಂದ ಪಡೆದ ಎಂಡಿಬಿಕೆ ಕೋಶಗಳಲ್ಲಿ ಇದನ್ನು ನೋಡಬಹುದು.

ಹಂತ 1: ಮೊದಲು ಕೋಶಗಳನ್ನೇ ಅನುಮಾನಿಸಿ. ಅವುಗಳನ್ನು ಬೆಳೆಸಲು ಬಳಸುವ ಕರುಭ್ರೂಣದ ಸೀರಮ್‌ನಲ್ಲಿ (ರಕ್ತದ ತಿಳಿ ದ್ರವದಲ್ಲಿ) ಬಿವಿಡಿ ವೈರಸ್ ಅಡಗಿರುವುದು ಹಳೆಯ ಪೀಡೆ. ಅದರ ಒಂದು ಬಗೆ ಕೋಶವನ್ನು ಕೊಲ್ಲುವುದೇ ಇಲ್ಲ. ಸೂಕ್ಷ್ಮದರ್ಶಕದಲ್ಲಿ ಕೋಶಗಳ ಹಾಸು ನುಣುಪಾಗಿ, ಆರೋಗ್ಯವಾಗಿಯೇ ಕಾಣುತ್ತದೆ. ವೈರಸ್‌ನ ವಂಶವಾಹಿಯನ್ನು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡದೆ ಮುಂದುವರಿದರೆ, ‘ಹರ್ಪಿಸ್ ಮಾತ್ರ’ ಎಂದು ಗುರುತು ಹಾಕಿದ ತಟ್ಟೆಯಲ್ಲೂ ಎರಡು ವೈರಸ್‌ಗಳಿರಬಹುದು. ಆಗ ತಿಂಗಳುಗಳ ದುಡಿಮೆ ನೀರುಪಾಲು.

ಹಂತ 2: ಪ್ರಮಾಣ ನಿಗದಿಪಡಿಸಿ. ಕೋಶಕ್ಕೆ ಸರಾಸರಿ ಒಂದು ಸೋಂಕುಕಾರಕ ಕಣ ಹಾಕಿದರೆ ಸೋಂಕು ತಗಲುವುದು ನೂರಕ್ಕೆ ಸುಮಾರು 63 ಕೋಶಗಳಿಗೆ. ಎರಡೂ ವೈರಸ್‌ಗಳನ್ನು ಹೀಗೆ ಹಾಕಿದರೆ ಎರಡೂ ಹೊಕ್ಕ ಕೋಶಗಳು ಸುಮಾರು 40 ಮಾತ್ರ. ತಲಾ ಐದು ಕಣ ಹಾಕಿದರೆ ಅದು 98 ದಾಟುತ್ತದೆ.

ಹಂತ 3: ತಟ್ಟೆಗಳನ್ನು ಹೊಂದಿಸಿ. ಸೋಂಕಿಲ್ಲದ್ದು, ಒಂದೊಂದೇ ವೈರಸ್ ಹಾಕಿದವು, ಒಟ್ಟಿಗೆ ಹಾಕಿದ್ದು, ಬಿವಿಡಿ ಮೊದಲು, ಹರ್ಪಿಸ್ ಮೊದಲು. ಕೊನೆಯ ಎರಡನ್ನು ಖಂಡಿತ ಬಿಡಬೇಡಿ. ಯಾರು ಮೊದಲು ಬಂದರು ಎಂಬುದರ ಮೇಲೆ ಫಲಿತಾಂಶವೇ ಬದಲಾಗಬಹುದು. ಕೋಶದ ಎಚ್ಚರಿಕೆ ಗಂಟೆಯಾದ ಇಂಟರ್‌ಫೆರಾನ್ ಬಾರಿಸಲು ಐಆರ್‌ಎಫ್-3 ಎಂಬ ಪ್ರೋಟೀನ್ ಬೇಕು. ಬಿವಿಡಿ ವೈರಸ್ ಅದನ್ನೇ ನಾಶವಾಗುವಂತೆ ಮಾಡುತ್ತದೆ. ಹಿಂದೆ ಬರುವ ಹರ್ಪಿಸ್‌ಗೆ ಸಿಗುವುದು ಕಾವಲು ಸಡಿಲಿಸಿದ ಮನೆ.

ಹಂತ 4: ಪ್ರತಿ ವೈರಸ್ಸನ್ನೂ ಬೇರೆಯಾಗಿ ಎಣಿಸಿ. ಹರ್ಪಿಸ್ ಕೋಶಗಳನ್ನು ಕೊಂದು ಹಾಸಿನಲ್ಲಿ ತೂತು ಮಾಡುವುದರಿಂದ ಬಿವಿಡಿ ಎಣಿಕೆ ಕೆಡುತ್ತದೆ. ಹರ್ಪಿಸ್ಸನ್ನು ಪ್ರತಿಕಾಯ ಹಾಕಿ ಮೊದಲು ನಿಷ್ಕ್ರಿಯಗೊಳಿಸಿ. ಆದರೆ ಆ ಪ್ರತಿಕಾಯ ದನದ ರಕ್ತದಿಂದ ಬಂದದ್ದಾದರೆ ಅದರಲ್ಲಿ ಬಿವಿಡಿ ವಿರುದ್ಧದ ಪ್ರತಿಕಾಯವೂ ಇದ್ದೀತು, ಪರೀಕ್ಷಿಸಿಕೊಳ್ಳಿ.

ಹಂತ 5: ಎರಡು ಬಣ್ಣದ ಹೊಳೆಯುವ ಪ್ರತಿಕಾಯಗಳಿಂದ ಕೋಶಗಳನ್ನು ಗುರುತಿಸಿ, ಎರಡೂ ಬಣ್ಣ ಒಟ್ಟಿಗೆ ಇರುವವನ್ನು ಎಣಿಸಿ. ಈ ಹಂತವನ್ನು ಹಾರಿಸುವುದು ದೊಡ್ಡ ತಪ್ಪು. ಒಂದು ಕೋಶ ಹೊರಚೆಲ್ಲಿದ ಇಂಟರ್‌ಫೆರಾನ್ ಪಕ್ಕದ ಕೋಶದ ವೈರಸ್ಸನ್ನೂ ತಡೆಯಬಲ್ಲದು. ಎರಡು ಬಣ್ಣದ ಕೋಶಗಳು ಬೆರಳೆಣಿಕೆಯಷ್ಟೇ ಇದ್ದರೆ, ನೀವು ಅಳೆದದ್ದು ಒಂದೇ ಮನೆಯ ಜಗಳವಲ್ಲ, ನೆರೆಮನೆಯ ಪ್ರಭಾವ.